ಸೋಫಿಯಾದಲ್ಲಿ ಎಡವಿದವನಿಗೆ ಸೋಮವಾರವೊಂದಿತ್ತು

‘ಅವಕಾಶ ಕೊಟ್ಟೆವು, ಉಳಿಸಿಕೊಳ್ಳಲಿಲ್ಲ.’ ಊರಿನ ಫುಟ್‌ಬಾಲ್ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಹದಿನೇಳರ ಡಿಫೆಂಡರ್ ಒಬ್ಬನ ಬಗ್ಗೆ ಬಂದ ಮಾತು. ಒಂದು ಪಂದ್ಯ, ಒಂದು ತಪ್ಪು, ಮುಂದಿನ ಪಟ್ಟಿಯಲ್ಲಿ ಹೆಸರಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಕೂತು ಓದುವಾಗ ಈ ಮಾತು ಚುಚ್ಚುತ್ತದೆ. ಇದಕ್ಕಿಂತ ದೊಡ್ಡ ತಪ್ಪನ್ನು ಇದೇ ವಯಸ್ಸಿನಲ್ಲಿ ಇಲ್ಲಿನ ಹುಡುಗನೊಬ್ಬ ಇಡೀ ದೇಶದ ಕಣ್ಣೆದುರು ಮಾಡಿದ್ದ.

ಮಥೈಸ್ ಡಿ ಲಿಖ್ಟ್. 2017ರ ಮಾರ್ಚ್ 25, ಸೋಫಿಯಾ, ಬಲ್ಗೇರಿಯಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. 1931ರ ನಂತರ ಡಚ್ ತಂಡದ ಆರಂಭಿಕ ಹನ್ನೊಂದರಲ್ಲಿ ಇಳಿದ ಅತಿ ಕಿರಿಯ. ಐದನೇ ನಿಮಿಷದಲ್ಲೇ ಹಿಂದಿನಿಂದ ಬಂದ ಉದ್ದ ಚೆಂಡಿನ ಅಂದಾಜು ತಪ್ಪಿತು, ಸ್ಪಾಸ್ ಡೆಲೆವ್ ನುಗ್ಗಿ ಗೋಲು ಹೊಡೆದ. ಇಪ್ಪತ್ತನೇ ನಿಮಿಷಕ್ಕೆ ಅವನದೇ ಇನ್ನೊಂದು. ವಿರಾಮಕ್ಕೆ ಹುಡುಗನನ್ನು ಹೊರಕ್ಕೆ ಕರೆದರು. ಪಂದ್ಯ 2-0ಯಲ್ಲಿ ಹೋಯಿತು. ಮರುದಿನ ಕೆಲಸ ಕಳೆದುಕೊಂಡದ್ದು ಕೋಚ್ ಡ್ಯಾನಿ ಬ್ಲಿಂಡ್.

ಉದ್ದ ಚೆಂಡಿಗೆ ಎಳೆಯ ಡಿಫೆಂಡರ್ ಸೋಲುವುದು ಧೈರ್ಯ ಸಾಲದೆ ಅಲ್ಲ. ಚೆಂಡು ಗಾಳಿಯಲ್ಲಿದ್ದಾಗ ಕಣ್ಣು ಅದಕ್ಕೇ ಅಂಟಿ, ಎದೆ ನೇರ ಮುಂದಕ್ಕೆ ತಿರುಗಿ, ಎರಡೂ ಪಾದ ಒಂದೇ ಸಾಲಿಗೆ ಬರುತ್ತವೆ. ತಲೆ ಕೊಡೋಣ ಎಂದು ಒಂದು ಹೆಜ್ಜೆ ಮುಂದಿಟ್ಟರೆ ಮುಗಿಯಿತು. ಚೆಂಡು ತಲೆ ದಾಟಿ ಪುಟಿದರೆ ತಿರುಗಿ ಓಡುವಷ್ಟರಲ್ಲಿ ಸ್ಟ್ರೈಕರ್ ಎರಡು ಗಜ ಮುಂದೆ. ಮೊದಲು ಸೊಂಟ ಓರೆ ಮಾಡಬೇಕು, ಒಂದೆರಡು ಹೆಜ್ಜೆ ಹಿಂದೆ ಸರಿಯಬೇಕು, ಭುಜದ ಮೇಲಿಂದ ಒಮ್ಮೆ ನೋಡಬೇಕು, ಆಮೇಲೆ ಮುಂದೆ ಬರಬೇಕು. ಹಿಂದಿನಿಂದ ಮುಂದಕ್ಕೆ ಓಡಿಬರುವುದು ಸುಲಭ, ಮುಂದೆ ಬಂದವನು ಹಿಂದಕ್ಕೆ ಓಡುವುದು ಕಷ್ಟ. ಬಾಯಲ್ಲಿ ಹೇಳಿದರೆ ಅರ್ಧ ನಿಮಿಷದ ಪಾಠ. ಕಾಲಿಗೆ ಇಳಿಯಬೇಕಾದರೆ ನಿಜವಾದ, ಬಲಿತ ಸ್ಟ್ರೈಕರ್‌ಗಳ ಎದುರು ಮತ್ತೆ ಮತ್ತೆ ಸೋಲಬೇಕು.

ಆ ಸೋಲಿಗೆಂದೇ ಇಲ್ಲಿ ಒಂದು ಜಾಗ ಇದೆ. ಡಿ ಲಿಖ್ಟ್ ಬೆಳೆದ ಆಮ್‌ಸ್ಟರ್‌ಡ್ಯಾಂನ ಆಯಾಕ್ಸ್ ಕ್ಲಬ್ಬಿನ ಎರಡನೇ ತಂಡ ಯೋಂಗ್ ಆಯಾಕ್ಸ್ 2013ರಿಂದ ದೇಶದ ಎರಡನೇ ದರ್ಜೆಯ ವೃತ್ತಿಪರ ಲೀಗಿನಲ್ಲೇ ಆಡುತ್ತಿದೆ, ಹೆಚ್ಚಾಗಿ ಸೋಮವಾರ ರಾತ್ರಿ. ಎದುರಿಗಿರುವವರು ಸಂಬಳಕ್ಕೆ ಆಡುವ ಗಂಡಸರು, ಮೊಣಕೈ ಬಳಸಲು ಬಲ್ಲವರು. ಗೆದ್ದರೂ ಈ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ ಇಲ್ಲ: 2018ರಲ್ಲಿ ಲೀಗ್ ಗೆದ್ದು ಅಲ್ಲೇ ಉಳಿಯಿತು. ಹಾಗಾಗಿ ಹುಡುಗನ ತಪ್ಪಿಗೆ ಮೂರು ಅಂಕ ಹೋದರೆ ಯಾರೂ ತಲೆಯ ಮೇಲೆ ಕೈ ಹೊತ್ತು ಕೂರುವುದಿಲ್ಲ. ಡಿ ಲಿಖ್ಟ್ ಇಲ್ಲಿ ಎಮ್ಮೆನ್ ವಿರುದ್ಧ ಮೊದಲು ಆಡಿದ್ದು 2016ರ ಆಗಸ್ಟ್‌ನಲ್ಲಿ, 17 ತುಂಬಲು ನಾಲ್ಕು ದಿನ ಬಾಕಿ ಇದ್ದಾಗ. ಸೆಪ್ಟೆಂಬರ್‌ನಲ್ಲಿ ಮೊದಲ ತಂಡಕ್ಕೆ ಬಂದು ವಿಲ್ಲೆಮ್ ಟ್ವೇ ವಿರುದ್ಧದ ಕಪ್ ಪಂದ್ಯದಲ್ಲೇ ಗೋಲು ಹೊಡೆದ.

ಇನ್ನು ಸೋಫಿಯಾದ ನಂತರದ ಲೆಕ್ಕ. ಎರಡೇ ತಿಂಗಳಿಗೆ, ಮೇ 24ರಂದು, ಸ್ಟಾಕ್‌ಹೋಮ್‌ನ ಯುರೋಪಾ ಲೀಗ್ ಫೈನಲ್‌ನಲ್ಲಿ ಆಯಾಕ್ಸ್‌ಗೆ ಅವನೇ ಡಿಫೆಂಡರ್, ವಯಸ್ಸು 17 ವರ್ಷ 285 ದಿನ. ಅಲ್ಲಿಯೂ ಸೋಲು. 2018ರ ಮಾರ್ಚ್‌ನಲ್ಲಿ, 18ಕ್ಕೆ, ಆಯಾಕ್ಸ್ ನಾಯಕ. 2019ರಲ್ಲಿ ಟುರಿನ್‌ನಲ್ಲಿ ಇಟಲಿಯ ಯುವೆಂಟಸ್‌ ವಿರುದ್ಧ ಗೆಲುವಿನ ಹೆಡರ್, ಅದೇ ಜುಲೈನಲ್ಲಿ 75 ಮಿಲಿಯನ್ ಯೂರೋಗೆ ಅದೇ ಯುವೆಂಟಸ್‌ ಪಾಲು.

ನಮ್ಮಲ್ಲಿ? ಶಾಲಾ ಹುಡುಗರ ಆಟ ಬಹುಪಾಲು ನಾಕೌಟ್. ಬೆಳಿಗ್ಗೆ ಸೋತರೆ ಮಧ್ಯಾಹ್ನದ ಬಸ್ಸು. ತಪ್ಪು ಮಾಡಿದವನಿಗೆ ಅದನ್ನು ತಿದ್ದಿಕೊಳ್ಳುವ ಮುಂದಿನ ಪಂದ್ಯವೇ ಇರುವುದಿಲ್ಲ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಸಿಇಟಿ. ನಮ್ಮ ಹುಡುಗರಿಗೆ ಪ್ರತಿಭೆ ಇಲ್ಲ ಎನ್ನುವವರ ಜೊತೆ ನನ್ನ ಜಗಳ ಇಲ್ಲೇ. 2017ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ 17ರೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಭಾರತದ ಮೊದಲ ಗೋಲು ಬಂತಲ್ಲ, ಜೀಕ್ಸನ್ ಸಿಂಗ್ ತಲೆಯಿಂದ? ಆ ಕಾರ್ನರ್ ಎತ್ತಿದ್ದು ಬೆಂಗಳೂರಿನ ಸಂಜೀವ್ ಸ್ಟಾಲಿನ್. ಆ ಹುಡುಗರನ್ನೇ ಇಟ್ಟುಕೊಂಡು ಇಂಡಿಯನ್ ಆರೋಸ್ ತಂಡ ದೇಶದ ವೃತ್ತಿಪರ ಲೀಗ್ ಆದ ಐ-ಲೀಗ್‌ನಲ್ಲಿ ದೊಡ್ಡವರ ಎದುರು ಆಡಿತು. ಸೋತದ್ದೇ ಹೆಚ್ಚು, ಸೋಲಲೆಂದೇ ಇದ್ದ ತಂಡ ಅದು. 2022ರಲ್ಲಿ ಮುಚ್ಚಿಬಿಟ್ಟರು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೆ.

ಎಲ್ಲವೂ ಹಾಳು ಎಂದರೆ ಸುಳ್ಳಾದೀತು. ಬೆಂಗಳೂರು ಎಫ್‌ಸಿ ತನ್ನ ಎರಡನೇ ತಂಡವನ್ನು ನಗರದ ಸೂಪರ್ ಡಿವಿಷನ್ ಲೀಗಿಗೆ ಇಳಿಸುತ್ತದೆ. ಇದೂ ಸೋಮವಾರದ ಪಂದ್ಯದ ಜಾತಿಯದೇ. ಇತ್ತ ನೆದರ್‌ಲ್ಯಾಂಡ್ಸ್‌ನ ದೊಡ್ಡ ಕ್ಲಬ್ಬುಗಳೂ ಪ್ರತಿ ವರ್ಷ ಎಷ್ಟೋ ಮಕ್ಕಳನ್ನು ‘ಸಾಕು’ ಎಂದು ಮನೆಗೆ ಕಳಿಸುತ್ತವೆ, ಅವರೆಲ್ಲ ಡಿ ಲಿಖ್ಟ್ ಆಗುವುದಿಲ್ಲ. ಇನ್ನೊಂದನ್ನೂ ಒಪ್ಪಲೇಬೇಕು. ಇಲ್ಲಿ ಮಕ್ಕಳ ಆಟಕ್ಕೆ ವೇಳಾಪಟ್ಟಿ ಇದೆ, ಶುಲ್ಕ ಇದೆ, ವಯಸ್ಸಿಗೆ ತಕ್ಕ ಮೈದಾನದ ಅಳತೆ ಇದೆ. ಡಚ್ ಫುಟ್‌ಬಾಲಿನ ದಂತಕಥೆ ಯೋಹಾನ್ ಕ್ರೈಫ್ ಚೆಂಡು ಕಲಿತ ಆಮ್‌ಸ್ಟರ್‌ಡ್ಯಾಂನ ಬೆಟೊನ್‌ಡೋರ್ಪ್‌ನಂಥ ಬೀದಿಗಳಲ್ಲಿ ಈಗ ಕಾರುಗಳು ನಿಂತಿವೆ, ಡಚ್ ಕೋಚ್‌ಗಳೇ ಬೀದಿ ಆಟ ಹೋಯಿತೆಂದು ಮರುಗುತ್ತಾರೆ. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲೋ ಗೌತಮಪುರದಲ್ಲೋ ಸಂಜೆ ಐದಕ್ಕೆ ‘ಲೇ, ಒಬ್ಬ ಕಮ್ಮಿ ಇದಾನೆ, ಬಾರೋ’ ಎಂದು ಕೂಗಿದರೆ ಸಾಕು, ಹತ್ತರವನೂ ಇಪ್ಪತ್ತೈದರವನೂ ಒಂದೇ ಚೆಂಡಿನ ಹಿಂದೆ ಓಡುತ್ತಾರೆ.