ಕರಡಿಯ ಮುಂದೆ ವೇಗ ನೆರವಾಗದು
ಕರಡಿ ಎದುರಾದರೆ ಸೈಕಲ್ಲಿನ ವೇಗ ಹೆಚ್ಚಿಸಿ ಪಾರಾಗಬಹುದೆಂಬ ಲೇಖನವೊಂದರ ಸಲಹೆ, ಸಂಡೂರು ಸೀಮೆಯ ರಸ್ತೆಗಳಲ್ಲಿ ಸೈಕಲ್ ತುಳಿಯುವ ನನಗೆ ಅಪಾಯಕಾರಿ ಎನಿಸುತ್ತದೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಆಚೆಗೂ ಕರಡಿಗಳು ಮುಸ್ಸಂಜೆಯ ನಂತರ ಶೇಂಗಾ, ಮೆಕ್ಕೆಜೋಳದ ಹೊಲಗಳಿಗೆ ಇಳಿಯುತ್ತವೆ. ಅವುಗಳ ಮೂಗು ಚುರುಕು, ಕಣ್ಣು ಮಂದ. ಸದ್ದಿಲ್ಲದೆ ಬರುವ ಸೈಕಲ್ಲು ತೀರ ಹತ್ತಿರವಾದಾಗಲೇ ಗೊತ್ತಾಗುವುದರಿಂದ, ಬೆಚ್ಚಿಬಿದ್ದ ಕರಡಿ, ಅದರಲ್ಲೂ ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿ, ಓಡಿಹೋಗುವ ಬದಲು ಮೈಮೇಲೆ ಎರಗಬಹುದು. ಆದುದರಿಂದ ತಿರುವುಗಳಲ್ಲಿ ಗಂಟೆ ಬಾರಿಸುತ್ತ ಸಾಗಬೇಕು. ದೂರದಲ್ಲಿ ಕಂಡರೆ ಅಲ್ಲಿಯೇ ನಿಂತು, ನಿಧಾನವಾಗಿ ಹಿಂದೆ ಸರಿದು, ಅದಕ್ಕೆ ದಾರಿ ಬಿಡಬೇಕು. ನಸುಕಿನಲ್ಲಿ ಹೊಲಕ್ಕೆ ಹೋಗುವ ರೈತರಿಗೆ ಹೊತ್ತನ್ನು ಆಯ್ದುಕೊಳ್ಳುವ ಅವಕಾಶವಿಲ್ಲ. ಹವ್ಯಾಸಕ್ಕಾಗಿ ಸವಾರಿ ಮಾಡುವ ನಾವಾದರೂ ಬೆಳಕು ಹರಿದ ಮೇಲೆ ಹೊರಡೋಣ.