ಎಸಳು ಉದುರಿದರೆ ಗಲೀಜಾ?

ಇವತ್ತು ಬೆಳಿಗ್ಗೆ ನಮ್ಮ ಲಿಫ್ಟಿನಲ್ಲಿ ಹೊಸ ನೋಟೀಸು ಅಂಟಿಸಿದ್ದರು. ನವರಾತ್ರಿಗೆ ಯಾರೂ ಬಾಗಿಲಿಗೆ ತಾಜಾ ಹೂವಿನ ತೋರಣ ಕಟ್ಟಬಾರದು, ಎಸಳು ಉದುರಿ ಪ್ಯಾಸೇಜ್ ಗಲೀಜಾಗುತ್ತದೆ, ಆರ್ಟಿಫಿಶಿಯಲ್ ತೋರಣ ಬಳಸಿ. ಕೆಳಗೆ ನಮ್ಮ ಬಿಲ್ಡಿಂಗಿನ ಕಮಿಟಿಯ ಸೀಲು. ಏಳನೇ ಮಾಳಿಗೆಯಿಂದ ಕೆಳಗೆ ಇಳಿಯುವಷ್ಟರಲ್ಲಿ ಮೂರು ಸಲ ಓದಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಲೀಜು! ಗೊಂಡೆ ಹೂವಿನ ಎಸಳಿಗೆ ಈ ಮಾತು.

ಹೂವಿನ ವಿಷಯದಲ್ಲಿ ನನ್ನ ಹಟ ನಿಮಗೆಲ್ಲ ಗೊತ್ತೇ ಇದೆ. ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದು 22 ವರ್ಷ ಆಯಿತು. ವಾರಕ್ಕೊಂದು ದಿನ ಆಫೀಸಿನಿಂದ ಬರುವಾಗ ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ ಪಶ್ಚಿಮಕ್ಕೆ ಹೋಗಿ ಹೂ ತರುತ್ತೇನೆ. ಅಲ್ಲಿನ ಹೂವಿನ ಮಾರುಕಟ್ಟೆಯಲ್ಲಿ ವ್ಯಾಪಾರ ಶುರುವಾಗುವುದು ಬೆಳಕು ಹರಿಯುವ ಮೊದಲೇ. ವಸಾಯಿ ಕಡೆಯ ರೈತರು ನಸುಕಿನ ಲೋಕಲ್ ರೈಲು ಹಿಡಿದು ಹೂವಿನ ಗಂಟು ಹೊತ್ತು ಬರುತ್ತಾರೆ. ನಾಸಿಕ್, ಪುಣೆ ಕಡೆಯಿಂದ ಗೊಂಡೆ, ಸೇವಂತಿಗೆ ಬರುತ್ತದೆ. ಸಂಜೆಗೆ ಉಳಿದದ್ದನ್ನು ಕಡಿಮೆ ರೇಟಿಗೆ ಕೊಡುತ್ತಾರೆ, ನನ್ನ ಹೊತ್ತು ಅದೇ. ಒಂದು ಕಿಲೋ ಗೊಂಡೆ, ಆರು ಕಡ್ಡಿ ಸುಗಂಧರಾಜ. ನಂತರ ಆ ಚೀಲವನ್ನು ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲಬೇಕು. ಎಷ್ಟೋ ಸಲ ಗುರುತೇ ಇಲ್ಲದ ಹೆಂಗಸರು ಕೈ ನೀಡಿ ಚೀಲ ಇಸಿದುಕೊಂಡು ಮೇಲಿನ ರ‍್ಯಾಕಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. "ಕಿತೀಲಾ ಘೇತಲಾ, ತಾಈ?" ಎಂದು ರೇಟು ಕೇಳುತ್ತಾರೆ, ಬಗ್ಗಿ ಮೂಸುತ್ತಾರೆ. ಇಡೀ ದಿನ ದುಡಿದು ಬಂದ ಮುಖ ಒಂದು ಕ್ಷಣ ಸಡಿಲವಾಗುತ್ತದೆ. ಪ್ಲಾಸ್ಟಿಕ್ ತೋರಣ ಹಿಡಿದು ಬಂದವರನ್ನು ಯಾರಾದರೂ ಹೀಗೆ ಮಾತಾಡಿಸಿದ್ದನ್ನು ನಾನಂತೂ ನೋಡಿಲ್ಲ.

ಅದೇ ಲೋಕಲ್ಲನ್ನು ದಸರೆಯ ಹೊತ್ತಿಗೆ ನೋಡಬೇಕು. ದಿನಾ ಓಡಾಡುವವರೇ ದುಡ್ಡು ಹಾಕಿ ಡಬ್ಬಿಯ ಬಾಗಿಲು, ಕಂಬಿ, ಹಿಡಿಕೆಗಳಿಗೆಲ್ಲ ಗೊಂಡೆ ಹೂ ಕಟ್ಟಿ, ಪೂಜೆ ಮಾಡಿ, ಪ್ರಸಾದ ಹಂಚುತ್ತಾರೆ. ಎಸಳು ತಲೆಯ ಮೇಲೆ ಬೀಳುತ್ತದೆ, ಟಿಫಿನ್ ಚೀಲದ ಒಳಗೂ ಬೀಳುತ್ತದೆ. ಅಷ್ಟು ಜನ ತುಂಬಿದ ರೈಲಿಗೆ ಆಗದ ಗಲೀಜು, ಒಂದು ಮಾಳಿಗೆಗೆ ನಾಲ್ಕೇ ಮನೆ ಇರುವ ನಮ್ಮ ಪ್ಯಾಸೇಜಿಗೆ ಹೇಗೆ ಆಗುತ್ತದೆ?

ಕಮಿಟಿಯವರ ಮಾತೂ ಕೇಳಿದೆ. ಗುಡಿಸುವ ಮಾವ್ಶಿಗೆ ಕೆಲಸ ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಸರಿ, ನಮ್ಮ ಬಾಗಿಲ ಮುಂದೆ ಬಿದ್ದ ಎಸಳನ್ನು ನಾವೇ ಗುಡಿಸೋಣ. ಎರಡು ನಿಮಿಷದ ಕೆಲಸ ಅಲ್ವಾ? ಮತ್ತೆ ಆ ಪ್ಲಾಸ್ಟಿಕ್ ತೋರಣದ ಮೇಲೆ ಕೂರುವ ಧೂಳನ್ನು ಯಾರು ಒರೆಸುತ್ತಾರೆ? ವರ್ಷ ಕಳೆದರೆ ಬಣ್ಣ ಹೋಗಿ ಬೂದಿಯ ಹಾಗೆ ಕಾಣುತ್ತದೆ. ಕೊನೆಗೆ ಡಂಪಿಂಗ್ ಗ್ರೌಂಡಿಗೆ ಹೋಗಿ ಬೀಳುತ್ತದೆ, ಅಲ್ಲೂ ಕೊಳೆಯುವುದಿಲ್ಲ. ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು, ಸಂಪ್ರದಾಯ ಅಂತ ಕೂರಬಾರದು ಎಂದೂ ಒಬ್ಬರು ಹೇಳಿದರು. ನಾನು ಸಂಪ್ರದಾಯದ ಮಾತೇ ಆಡುತ್ತಿಲ್ಲ. ಗೊಂಡೆ, ಸುಗಂಧರಾಜ ಎರಡೂ ಮೆಕ್ಸಿಕೋ ಕಡೆಯಿಂದ ಬಂದ ಗಿಡಗಳು. ಬಂದವು, ನಮ್ಮ ಹೊಸ್ತಿಲಿಗೆ ಒಗ್ಗಿಕೊಂಡವು. ನಾನು ಹೇಳುತ್ತಿರುವುದು ಜೀವ ಇರುವ ಹೂವಿನ ಬಗ್ಗೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. 2016ರಿಂದ ಮೂರು ವರ್ಷ ನಮ್ಮ ಬಾಗಿಲಿನಲ್ಲೂ ಪ್ಲಾಸ್ಟಿಕ್ ತೋರಣವೇ ಇತ್ತು. ಮಗ ಚಿಕ್ಕವನು, ಆಫೀಸು ದೂರ, ಹೂ ಕಟ್ಟಲು ಪುರುಸೊತ್ತು ಇರಲಿಲ್ಲ. ಆಗ ಊರಿನಿಂದ ಅಮ್ಮ ಬಂದರು. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕೂತು, ಬೆಳಿಗ್ಗೆ ಠಾಣೆಯಲ್ಲಿ ಇಳಿದರು. ಕೈಯಲ್ಲಿ ಬಾಳೆ ಎಲೆಯ ಕಟ್ಟು, ಒಳಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ. ಒಂದು ಚೆಂಡು ಅಂದರೆ 800 ಹೂ, ಒಂದೊಂದನ್ನೂ ಬಾಳೆನಾರಿನಲ್ಲಿ ಸೇರಿಸಿ ಕಟ್ಟಿದ್ದು. ಬಾಗಿಲಲ್ಲಿ ನಿಂತು ತೋರಣ ಮುಟ್ಟಿ ನೋಡಿದರು.

"ಇದನ್ನು ಬದಲಿಸುವುದು ಯಾವಾಗ ಮಗಾ?"

"ಬದಲಿಸುವುದೇ ಬೇಡ ಅಮ್ಮ, ಹಾಗೇ ಇರ್ತದೆ."

ಅವರು ಏನೂ ಹೇಳಲಿಲ್ಲ. ಒಂದು ಗೇಣು ಮಲ್ಲಿಗೆ ಹರಿದು ಅದೇ ಮೊಳೆಗೆ ಸಿಕ್ಕಿಸಿ ಒಳಗೆ ಬಂದರು. ಎರಡು ದಿನ ಮನೆಯಲ್ಲೆಲ್ಲ ಪರಿಮಳ. ಮೂರನೇ ದಿನ ಹೂ ಕಂದಿತು, ಅಮ್ಮ ಅದನ್ನು ತೆಗೆದು ತುಳಸಿ ಕುಂಡಕ್ಕೆ ಹಾಕಿದರು. ಮೂರು ವರ್ಷ ನಾನು ನಮ್ಮ ಬಾಗಿಲನ್ನು ತಲೆ ಎತ್ತಿ ನೋಡಿಯೇ ಇರಲಿಲ್ಲ ಎಂದು ಅವತ್ತು ಗೊತ್ತಾಯಿತು. ಬದಲಿಸುವ ಕೆಲಸ ಇಲ್ಲದ್ದನ್ನು ಯಾಕೆ ನೋಡಬೇಕು ಹೇಳಿ? ಬಾಡುತ್ತದೆ ಅಂತಲೇ ತಾನೇ ನಾವು ಹೂವಿನ ಹತ್ತಿರ ಮತ್ತೆ ಮತ್ತೆ ಹೋಗುವುದು.

ಬೇಗ ಬಾಡುತ್ತದೆ, ದುಡ್ಡು ದಂಡ ಅನ್ನುವವರು ಒಂದು ಸಲ ಹೀಗೆ ಮಾಡಿ ನೋಡಿ. ಸುಗಂಧರಾಜ ಕಡ್ಡಿಯ ಬುಡದಿಂದ ಮೇಲಕ್ಕೆ ಅರಳುತ್ತದೆ. ಕೆಳಗಿನ ಎರಡು ಮೂರು ಹೂ ಮಾತ್ರ ಬಿರಿದ ಕಡ್ಡಿಯನ್ನೇ ಆರಿಸಿ. ಬುಡವನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆ ಕಿತ್ತುಬಿಡಿ, ದಿನಾ ನೀರು ಬದಲಿಸಿ. ಹೂದಾನಿ ಫ್ಯಾನಿನ ಕೆಳಗೆ ಬೇಡ. ಹಣ್ಣಿನ ಬುಟ್ಟಿಯ ಪಕ್ಕವಂತೂ ಬೇಡವೇ ಬೇಡ, ಮಾಗಿದ ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಹೂ ಬೇಗ ಸೊರಗುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಆ ಪರಿಮಳ ಹಾಲ್‌ನಿಂದ ಮಲಗುವ ಕೋಣೆಗೆ ಬರುತ್ತದೆ. ನನಗೆ ನಿದ್ದೆ ಬರುವುದೇ ಅದರಲ್ಲಿ.

ತೋರಣದ ಒಣ ಗೊಂಡೆಯೂ ದಂಡ ಅಲ್ಲ. 2020ರ ಲಾಕ್‌ಡೌನಿನಲ್ಲಿ ಲೋಕಲ್ ನಿಂತು ಹೂವೇ ಸಿಗದಾಗ, ಹಳೆಯ ತೋರಣದ ಹೂ ಬಿಡಿಸಿ ಕುಂಡದಲ್ಲಿ ಉದುರಿಸಿದ್ದೆ. ವಾರದೊಳಗೆ ಮೊಳಕೆ. ಮಳೆಗಾಲಕ್ಕೆ ಹೂ ಬಿಟ್ಟಿತು. ಗಾತ್ರ ಸಣ್ಣದು, ಎಸಳೂ ಕಡಿಮೆ. ಆದರೂ ಅವತ್ತು ಇಡೀ ವಿಂಗಿನಲ್ಲಿ ತಾಜಾ ಹೂ ಇದ್ದದ್ದು ನಮ್ಮ ಬಾಗಿಲಿನಲ್ಲಿ ಮಾತ್ರ. ಇವತ್ತು ಸೀಲು ಹಾಕಿದವರಲ್ಲಿ ಇಬ್ಬರು ಆಗ ಪೂಜೆಗೆಂದು ನಮ್ಮ ಮನೆಯಿಂದ ಹೂ ತೆಗೆದುಕೊಂಡು ಹೋಗಿದ್ದರು. ಅವರಿಗೆ ಇದು ನೆನಪಿರಲಿ ಅಂತ ಬರೆದೆ.

ನಾನು ತಾಜಾ ಹೂವನ್ನೇ ಕಟ್ಟುತ್ತೇನೆ. ಬೆಳಿಗ್ಗೆ ಸಂಜೆ ಪ್ಯಾಸೇಜ್ ನಾನೇ ಗುಡಿಸುತ್ತೇನೆ ಎಂದು ಕಮಿಟಿಗೆ ಚೀಟಿ ಬರೆದು ಕೊಟ್ಟಿದ್ದೇನೆ. ಶುಕ್ರವಾರ ಸಂಜೆ ದಾದರ್‌ಗೆ ಹೋಗುವವಳಿದ್ದೇನೆ. ನಮ್ಮ ವಿಂಗಿನ ಯಾರಿಗಾದರೂ ಗೊಂಡೆ, ಮಾವಿನ ಎಲೆ ಬೇಕಿದ್ದರೆ ಗುರುವಾರದೊಳಗೆ ಹೇಳಿ, ನನ್ನ ಚೀಲ ದೊಡ್ಡದಿದೆ.