ಹಾಡಿಲ್ಲದ ಫಡ್ ಅರ್ಧ ಚಿತ್ರ ಮಾತ್ರ

ಉದ್ದನೆಯ ಬಟ್ಟೆಯ ಮೇಲೆ ದೇವರ ಕಥೆ ಬರೆಯುವ ರಾಜಸ್ಥಾನದ ಫಡ್ ಚಿತ್ರಗಳ ಬಗ್ಗೆ ನೀವು ಲೇಖನ ಬರೆದದ್ದಕ್ಕೆ ಧನ್ಯವಾದ. ಬಣ್ಣ, ರೇಖೆಗಳ ವಿವರ ಚೆನ್ನಾಗಿದೆ. ಆದರೆ ಇದನ್ನು 'ಗೋಡೆಯ ಅಲಂಕಾರ' ಎಂದು ಕರೆದದ್ದು ಮನಸ್ಸಿಗೆ ಒಪ್ಪಲಿಲ್ಲ. ಫಡ್ ಹುಟ್ಟಿದ್ದೇ ಹಾಡಿಗಾಗಿ. ಜನಪದ ದೇವರಾದ ಪಾಬೂಜಿಯ ಕಥೆ ಹಾಡುವ ಪೂಜಾರಿ-ಗಾಯಕ ಭೋಪಾ ರಾತ್ರಿ ಆ ಬಟ್ಟೆಯನ್ನು ಬಿಡಿಸಿ ಕಟ್ಟಿ, ರಾವಣಹತ್ತಾ ಎಂಬ ತಂತಿವಾದ್ಯ ನುಡಿಸುತ್ತಾ ಹಾಡುತ್ತಾನೆ. ಅವನ ಹೆಂಡತಿ ಭೋಪಿ ದೀಪ ಹಿಡಿದು, ಹಾಡಿನಲ್ಲಿ ಬಂದ ಭಾಗಕ್ಕೆ ಬೆಳಕು ತೋರುತ್ತಾಳೆ. ಜನರಿಗೆ ಅದು ದೇವರ ಸಂಚಾರಿ ಗುಡಿ.

ಲೇಖನದಲ್ಲಿ 'ಚಿತ್ರಗಳು ಗೊಂದಲವಾಗಿ ತುಂಬಿಕೊಂಡಿವೆ' ಎಂದಿದ್ದೀರಿ. ಅದು ಗೊಂದಲವಲ್ಲ ಸರ್. ಅಲ್ಲಿ ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿಲ್ಲ, ಊರುಗಳ ಪ್ರಕಾರ ಜೋಡಿಸಿದ್ದಾರೆ. ನಡುವೆ ಕೋಲೂ ಊರಿನ ಪಾಬೂಜಿಯ ದರ್ಬಾರು, ಸುತ್ತ ಕಥೆಯ ಉಳಿದ ಪಾತ್ರಗಳ ಊರುಗಳು. ಕಥೆ ಎಲ್ಲಿಗೆ ಹೋಗುತ್ತದೋ ಭೋಪಾ ಅಲ್ಲಿಗೆ ನಡೆದು ತೋರಿಸುತ್ತಾನೆ. ಹಾಡು ಗೊತ್ತಿಲ್ಲದವರಿಗೆ ಆ ದಾರಿ ಕಾಣುವುದಿಲ್ಲ, ಅಷ್ಟೇ.

ಇನ್ನೊಂದು ವಿಷಯ ಬಿಟ್ಟುಹೋಗಿದೆ. ಫಡ್ ಬರೆಯುವ ರಾಜಸ್ಥಾನದ ಶಾಹಪುರದ ಜೋಶಿ ಮನೆತನದ ಚಿತ್ರಕಾರರು ದೇವರ ಕಣ್ಣನ್ನು ಕೊನೆಗೆ ಬರೆಯುತ್ತಾರೆ. ಕಣ್ಣು ತೆರೆದ ಮೇಲೆ ಅದು ಪೂಜೆಯ ವಸ್ತು. ಬಟ್ಟೆ ಜೀರ್ಣವಾದರೆ ಎಸೆಯುವುದಿಲ್ಲ, ಪುಷ್ಕರದ ಸರೋವರದಲ್ಲಿ ವಿಸರ್ಜಿಸುತ್ತಾರೆ. ಅದೇ ಮನೆತನದ ಶ್ರೀಲಾಲ್ ಜೋಶಿಯವರಿಗೆ 2006ರಲ್ಲಿ ಪದ್ಮಶ್ರೀ ಬಂತು.

ಮಲೆ ಮಹದೇಶ್ವರನ ಕಥೆ ಹಾಡುವ ನಮ್ಮ ಕಂಸಾಳೆಯವರನ್ನು ಕೇಳಿ ಬೆಳೆದವಳು ನಾನು. ಅವರ ಹಿಂದೆ ಚಿತ್ರದ ಬಟ್ಟೆ ಇರುವುದಿಲ್ಲ, ಆದರೂ ಹುಲಿಯೇರಿ ಬರುವ ಮಾದಪ್ಪ ಕಣ್ಣಿಗೆ ಕಟ್ಟುತ್ತಾನೆ. ಅದಕ್ಕೇ ಕೇಳುತ್ತಿದ್ದೇನೆ, ಮುಂದಿನ ಲೇಖನದಲ್ಲಿ ದಯವಿಟ್ಟು ಒಬ್ಬ ಭೋಪಾನ ಹಾಡನ್ನೂ ಕೇಳಿಸಿ.